ಅಪ್‌ಡೇಟ್: ಅಕ್ಕನ ರೇಡಿಯೇಷನ್ ಮತ್ತು ಹೃದಯಕ್ಕೆ ತಗಲುವ ಡೋಸ್

ಎಡಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿದ್ದ, ಮೊದಲೇ ಸಕ್ಕರೆ ಕಾಯಿಲೆಯಿರುವ ನಮ್ಮ ಅಕ್ಕನಿಗೆ ರೇಡಿಯೇಷನ್ ಕೊಟ್ಟರೆ ಹೃದಯಕ್ಕೆ ತೊಂದರೆಯಾದೀತೇ ಎಂದು ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಕೆಲವರು ಸೂಚಿಸಿದಂತೆ, ಪ್ಲಾನಿಂಗ್ ಸಿ.ಟಿ. ಸ್ಕ್ಯಾನ್ (ಕಿರಣ ಎಲ್ಲಿ ಬೀಳಬೇಕೆಂದು ಮೊದಲೇ ಗುರುತಿಸಲು ಮಾಡುವ ಸ್ಕ್ಯಾನ್) ಆದ ಮೇಲೆ ಹೃದಯದ ಸರಾಸರಿ ಡೋಸ್ ಎಷ್ಟೆಂದು ವೈದ್ಯರನ್ನು ನೇರವಾಗಿಯೇ ವಿಚಾರಿಸಿದೆವು.

ಅವರು ಎರಡು ಸ್ಕ್ಯಾನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಸಹಜ ಉಸಿರಾಟದಲ್ಲಿ ಹೃದಯದ ಮುಂಭಾಗದ ಅಂಚು, ಅಲ್ಲಿಯೇ ಇಳಿಯುವ ಮುಖ್ಯ ರಕ್ತನಾಳದ ಸಮೇತ, ಕಿರಣದ ಹಾದಿಯೊಳಗಿತ್ತು. ದೀರ್ಘವಾಗಿ ಉಸಿರೆಳೆದು ಹಿಡಿದಾಗ ಶ್ವಾಸಕೋಶ ಹಿಗ್ಗಿ ಹೃದಯ ಎದೆಗೋಡೆಯಿಂದ ದೂರ ಸರಿದಿತ್ತು. ಹೃದಯದ ಸರಾಸರಿ ಡೋಸ್ ಸುಮಾರು 4 ಗ್ರೇಯಿಂದ (ಗ್ರೇ ಎಂದರೆ ದೇಹ ಹೀರಿಕೊಳ್ಳುವ ವಿಕಿರಣದ ಅಳತೆ) 2 ಗ್ರೇಗಿಂತ ಕೆಳಗಿಳಿಯಿತು.

ಸ್ವೀಡನ್ ಮತ್ತು ಡೆನ್ಮಾರ್ಕ್‌ನ ಮಹಿಳೆಯರ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸರಾಸರಿ ಡೋಸ್ 1 ಗ್ರೇ ಹೆಚ್ಚಿದಂತೆಲ್ಲ ಗಂಭೀರ ಹೃದ್ರೋಗದ ಪ್ರಮಾಣ ಸುಮಾರು 7.4 ಶೇಕಡಾ ಏರುತ್ತದೆ. ಆದರೆ ಇದು ಅವರವರಿಗೆ ಮೊದಲೇ ಇರುವ ಅಪಾಯದ ಮೇಲಿನ ಏರಿಕೆ. ನೂರರಲ್ಲಿ ಏಳು ಮಂದಿಗೆ ಹೃದಯಾಘಾತ ಎಂದರ್ಥವಲ್ಲ. (ವಾಟ್ಸ್ಆ್ಯಪ್‌ನಲ್ಲಿ ಹೆದರಿಸುವವರು ಇದನ್ನು ಹೇಳುವುದೇ ಇಲ್ಲ.) ಸಕ್ಕರೆ ಕಾಯಿಲೆಯಿರುವವರಲ್ಲಿ ಆ ಮೂಲ ಅಪಾಯವೇ ಹೆಚ್ಚಾದ್ದರಿಂದ ಉಸಿರು ಹಿಡಿಯುವ ವಿಧಾನವನ್ನೇ ಆರಿಸಿಕೊಂಡೆವು.

ಚಿಕಿತ್ಸೆಯ ವೇಳೆ ಹೊಟ್ಟೆಯ ಮೇಲಿಟ್ಟ ಪುಟ್ಟ ಪೆಟ್ಟಿಗೆಯ ಏರಿಳಿತವನ್ನು ಕ್ಯಾಮೆರಾ ಗಮನಿಸುತ್ತಿದ್ದು, ಉಸಿರು ನಿಗದಿತ ಗೆರೆ ದಾಟಿದರೆ ಕಿರಣ ತಾನಾಗಿ ನಿಲ್ಲುತ್ತಿತ್ತು. ಒಮ್ಮೆಗೆ ಇಪ್ಪತ್ತು ಸೆಕೆಂಡಿನಷ್ಟು ಉಸಿರು ಹಿಡಿಯುವುದನ್ನು ಅಕ್ಕ ಮನೆಯಲ್ಲೇ ರೂಢಿಸಿಕೊಂಡಿದ್ದರು. ಸ್ತನದ ಭಾಗಕ್ಕೆ 15 ಕಂತುಗಳಲ್ಲಿ ಒಟ್ಟು 40 ಗ್ರೇ ಮುಗಿದಿದೆ. ಚರ್ಮ ಸ್ವಲ್ಪ ಕಪ್ಪಾಗಿದೆ. ಇನ್ನು ಮುಂದೆ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಮೂರನ್ನೂ ಹತೋಟಿಯಲ್ಲಿಡಬೇಕೆಂದು ವೈದ್ಯರು ಹೇಳಿದ್ದಾರೆ.