ಎಸಿ ಶುರುವಾಗುತ್ತದೆ ಭಾವ, ಎಷ್ಟು ಹೊತ್ತು ಅನ್ನೋದೇ ಪ್ರಶ್ನೆ

ಭಾವ, ನಿಮ್ಮ ಮೆಸೇಜ್ ನೋಡಿದೆ. ಎರಡು ಸಾಲಲ್ಲಿ ಮುಗಿಯುವ ಉತ್ತರ ಅಲ್ಲ ಇದು, ಸ್ವಲ್ಪ ಉದ್ದವೇ ಆಗುತ್ತದೆ. ಗ್ರೂಪಲ್ಲಿ ಆಸಕ್ತಿ ಇಲ್ಲದವರು ಮುಂದಿನ ಮೆಸೇಜಿಗೆ ಹೋಗಿಬಿಡಿ. ನೀವು ಕೇಳಿದ್ದು ಇಷ್ಟು: ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಕ್ಯಾಂಪಿಂಗ್ ಟ್ರೈಲರ್ ಮೇಲೆ 400 ವ್ಯಾಟ್ ಸೋಲಾರ್ ಪ್ಯಾನೆಲ್ ಇದೆ. 12 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿ ಒಂದಿದೆ. 2000 ವ್ಯಾಟ್ ಇನ್ವರ್ಟರ್ ಇದೆ. ಕರೆಂಟ್ ಸಿಗದ ಜಾಗದಲ್ಲಿ ನಿಲ್ಲಿಸಿದರೆ ಚಾವಣಿ ಮೇಲಿನ 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಎಸಿ ರಾತ್ರಿಯೆಲ್ಲ ಓಡುತ್ತದಾ ಅಂತ.

ಓಡಲ್ಲ ಭಾವ. ಮುಕ್ಕಾಲು ಗಂಟೆಯೂ ಕಷ್ಟ.

ಲೆಕ್ಕ ಹೇಳುತ್ತೇನೆ. ಆ ಅಳತೆಯ ಎಸಿ ಕಂಪ್ರೆಸರ್ ಓಡುವಾಗ ಸುಮಾರು 1400 ವ್ಯಾಟ್ ಎಳೆಯುತ್ತದೆ. ಬಿಸಿಲು ಏರಿದಾಗ ಇನ್ನೂ ಜಾಸ್ತಿ. ನಿಮ್ಮ ಬ್ಯಾಟರಿಯಲ್ಲಿ ಇರುವುದು 1.28 ಯೂನಿಟ್. ಅದರಲ್ಲಿ ಶೇಕಡಾ 10ರಿಂದ 15 ಇನ್ವರ್ಟರ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. ಉಳಿದದ್ದು 1.1 ಯೂನಿಟ್ ಅಂದುಕೊಳ್ಳಿ. ಆದರೆ ಅಷ್ಟನ್ನೂ ನೀವು ನೋಡಲ್ಲ. 12 ವೋಲ್ಟಿನಲ್ಲಿ 1400 ವ್ಯಾಟ್ ತೆಗೆಯಬೇಕಾದರೆ ಬ್ಯಾಟರಿಯಿಂದ 120 ಆಂಪಿಯರಿಗೂ ಜಾಸ್ತಿ ಹರಿಯಬೇಕು. ಆ ಸೈಜಿನ ಬಹಳಷ್ಟು ಬ್ಯಾಟರಿಗಳ ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿ ಕಾಯುವ ಸರ್ಕ್ಯೂಟ್, 100 ಆಂಪಿಯರಿಗಿಂತ ಹೆಚ್ಚು ತುಂಬಾ ಹೊತ್ತು ಬಿಡುವುದಿಲ್ಲ. ಪಟ್ ಅಂತ ಆಫ್ ಆಗುತ್ತದೆ. ಬ್ಯಾಟರಿ ಕೆಟ್ಟಿತು ಅಂತ ಗಾಬರಿಯಾಗಬೇಡಿ, ಅದು ತನ್ನನ್ನು ತಾನು ಉಳಿಸಿಕೊಳ್ಳುವ ರೀತಿ.

ಎಲ್ಲರೂ ತಲೆ ಕೆಡಿಸಿಕೊಳ್ಳೋದು ಎಸಿ ಸ್ಟಾರ್ಟ್ ಆಗುತ್ತದಾ ಇಲ್ವಾ ಅನ್ನೋದಕ್ಕೆ. ನಿಜ, ಕಂಪ್ರೆಸರ್ ಎದ್ದೇಳುವ ಆ ಒಂದು ಕ್ಷಣ ಓಡುವಾಗಿನ ನಾಲ್ಕೈದು ಪಟ್ಟು ಕರೆಂಟ್ ಕೇಳುತ್ತದೆ. ಆದರೆ ಸಾಫ್ಟ್ ಸ್ಟಾರ್ಟರ್ ಅಂತ ಒಂದು ಸಣ್ಣ ಡಬ್ಬಿ ಬರುತ್ತದೆ. ಅದನ್ನು ಕಂಪ್ರೆಸರ್ ವೈರಿಂಗಿಗೆ ಹಾಕಿಸಿದರೆ ಆ ಎಳೆತ ಅರ್ಧಕ್ಕೂ ಕಡಿಮೆಯಾಗುತ್ತದೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನ ಥರ ನಯವಾದ ಅಲೆ ಕೊಡುವಂಥದ್ದು) ಇರಲಿ, 2000 ಬದಲು 3000 ವ್ಯಾಟ್ ಇದ್ದರೆ ಆರಾಮ. ಅಲ್ಲಿಗೆ ಆ ಕಥೆ ಮುಗಿಯಿತು. ಸ್ಟಾರ್ಟ್ ಮಾಡಿಸೋದು ಒಂದು ಸಾಮಾನು ತಂದರೆ ಆಗುವ ಕೆಲಸ. ಗಂಟೆಗಟ್ಟಲೆ ಓಡಿಸೋದು ಹಾಗಲ್ಲ.

ಅದಕ್ಕೇ ಎಷ್ಟು ಪ್ಯಾನೆಲ್ ಬೇಕು ಅಂತ ಮೊದಲೇ ಕೇಳಬೇಡಿ. ದಿನಕ್ಕೆ ಎಷ್ಟು ಗಂಟೆ ಎಸಿ ಬೇಕು ಅಂತ ಅಕ್ಕನೂ ನೀವೂ ಕೂತು ತೀರ್ಮಾನ ಮಾಡಿ. ಉಳಿದದ್ದೆಲ್ಲ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ತಾನಾಗಿ ಸಿಗುತ್ತದೆ.

ರಾತ್ರಿ ಎಂಟು ಗಂಟೆ ಅಂತಲೇ ಇಟ್ಟುಕೊಳ್ಳೋಣ. ರಾತ್ರಿ ಕಂಪ್ರೆಸರ್ ಅರ್ಧ ಹೊತ್ತು ಮಾತ್ರ ಓಡಿದರೂ, ಫ್ಯಾನೂ ಸೇರಿ ಸರಾಸರಿ 750ರಿಂದ 800 ವ್ಯಾಟ್. ಇನ್ವರ್ಟರ್ ನಷ್ಟ ಸೇರಿಸಿದರೆ ಬ್ಯಾಟರಿಯಿಂದ ಹತ್ತಿರ ಹತ್ತಿರ 7 ಯೂನಿಟ್ ಹೋಗುತ್ತದೆ. ಅಂದರೆ ನಿಮ್ಮ ಹತ್ತಿರ ಇರುವಂಥದ್ದೇ ಆರು ಬ್ಯಾಟರಿ. ಸರಿ, ತಂದಿರಿ. ಮರುದಿನ ಅದನ್ನು ತುಂಬಿಸಬೇಕಲ್ವಾ? ಒಳ್ಳೆಯ ಬಿಸಿಲು ಐದು ಗಂಟೆ ಸಿಕ್ಕಿತು ಅನ್ನಿ. ಚಾವಣಿ ಮೇಲೆ ಚಪ್ಪಟೆಯಾಗಿ ಮಲಗಿಸಿದ ಪ್ಯಾನೆಲ್ ಬರೆದಿರುವ ವ್ಯಾಟಿನ ಮುಕ್ಕಾಲು ಭಾಗ ಕೊಟ್ಟರೆ ದೊಡ್ಡದು. ಹಾಗಾದರೆ 7 ಯೂನಿಟ್ ವಾಪಸ್ ಬರಲು 1900 ವ್ಯಾಟ್ ಹತ್ತಿರ ಪ್ಯಾನೆಲ್ ಬೇಕು. ನಿಮ್ಮ 400 ವ್ಯಾಟ್ ಇಡೀ ದಿನ ದುಡಿದು ಕೊಡುವುದು ಒಂದೂವರೆ ಯೂನಿಟ್. ಒಂದು ಗಂಟೆ ಎಸಿ, ಅಷ್ಟೆ.

ಇನ್ನು ಚಾವಣಿಯಲ್ಲಿ ಜಾಗ ಎಲ್ಲಿದೆ? ಎಸಿ ಅಲ್ಲೇ ಕೂತಿದೆ, ಗಾಳಿ ಕಿಂಡಿಗಳಿವೆ, ಆಂಟೆನಾ ಇದೆ. ಆ ಎಸಿಯ ನೆರಳೇ ಬೆಳಿಗ್ಗೆ ಸಂಜೆ ಪ್ಯಾನೆಲ್ ಮೇಲೆ ಬೀಳುತ್ತದೆ. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಯಾನೆಲ್‌ನ ಉತ್ಪಾದನೆ ಕುಸಿಯುತ್ತದೆ. ಸಾಲದ್ದಕ್ಕೆ ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4 ಕಳೆದುಕೊಳ್ಳುತ್ತದೆ. ಎಸಿ ಬೇಕೇ ಬೇಕು ಅನ್ನಿಸುವ ದಿನವೇ ಅದು ಕಡಿಮೆ ಕೊಡುತ್ತದೆ, ನೋಡಿ ಎಂಥ ನ್ಯಾಯ!

ಇದಕ್ಕಿಂತ ದೊಡ್ಡ ಜಗಳ ಇನ್ನೊಂದಿದೆ. ಟ್ರೈಲರ್ ತಂಪಾಗಿರಬೇಕಾದರೆ ಮರದ ಕೆಳಗೆ ನಿಲ್ಲಿಸಬೇಕು. ಪ್ಯಾನೆಲ್ ದುಡಿಯಬೇಕಾದರೆ ಬಯಲಲ್ಲಿ ನಿಲ್ಲಿಸಬೇಕು. ನನ್ನ ಕೇಳಿದರೆ ಟ್ರೈಲರನ್ನು ನೆರಳಿಗೇ ಬಿಡಿ. ಮಡಚುವ ಪ್ಯಾನೆಲ್ ತಂದು ಉದ್ದದ ವೈರ್ ಹಾಕಿ ಬಿಸಿಲಲ್ಲಿ ಇಡಿ. ಸೂರ್ಯನ ಕಡೆ ವಾಲಿಸಿ ಇಡಬಹುದು, ಕೆಳಗೆ ಗಾಳಿ ಆಡುತ್ತದೆ, ಹಾಗಾಗಿ ಚಾವಣಿಯದಕ್ಕಿಂತ ಚೆನ್ನಾಗಿ ಕೊಡುತ್ತದೆ. ಕಿಟಕಿಗೆ ಹೊಳೆಯುವ ಶೀಟ್ ಹಾಕಿ, ಮೇಲಿನ ಕಿಂಡಿಗೆ ದಪ್ಪ ದಿಂಬು ತುರುಕಿ, ಬಿಸಿಲ ಕಡೆ ಪರದೆ ಇಳಿಬಿಡಿ. ಟ್ರೈಲರಿನ ಗೋಡೆ ತೀರಾ ತೆಳು. ಅದನ್ನು ಹಾಗೇ ಬಿಟ್ಟು ಬ್ಯಾಟರಿ ಮೇಲೆ ಬ್ಯಾಟರಿ ಸೇರಿಸೋದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ನನ್ನ ಲೆಕ್ಕದಲ್ಲಿ ನಿಮಗೆ ಸರಿಹೋಗುವುದು ಇದು: ನಾಲ್ಕು ಬ್ಯಾಟರಿ, ಒಟ್ಟು 1000 ವ್ಯಾಟ್ ಪ್ಯಾನೆಲ್, ದಿನಕ್ಕೆ ಎರಡೂವರೆ ಗಂಟೆ ಎಸಿ. ಮಧ್ಯಾಹ್ನ ಬಿಸಿಲು ಜೋರಾಗಿ ಇರುವಾಗಲೇ ಒಂದೂವರೆ ಗಂಟೆ ಓಡಿಸಿ. ಆಗ ಪ್ಯಾನೆಲ್‌ನಿಂದ ಬರುವ 700 ವ್ಯಾಟ್ ನೇರ ಎಸಿಗೇ ಹೋಗುತ್ತದೆ, ಬ್ಯಾಟರಿ ಕೊಡುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮಲಗುವ ಮುಂಚೆ ಒಂದು ಗಂಟೆ ಹಾಕಿ, ಆಮೇಲೆ 12 ವೋಲ್ಟಿನ ಫ್ಯಾನ್. ಅದು 30 ವ್ಯಾಟ್ ತಿಂದರೆ ಹೆಚ್ಚು. ರಾತ್ರಿಯೆಲ್ಲ ಎಸಿ ಇರಲೇಬೇಕು ಅಂತ ಅಕ್ಕ ಹಟ ಹಿಡಿದರೆ ಹಳೆಯ ಎಸಿ ತೆಗೆದು ವೇಗ ಏರಿಳಿಸುವ ಇನ್ವರ್ಟರ್ ಎಸಿ ಹಾಕಿಸಿ. ಒಳಗೆ ತಂಪಾದ ಮೇಲೆ ಅದು ಕೆಲವು ನೂರು ವ್ಯಾಟಿನಲ್ಲೇ ನಡೆಯುತ್ತದೆ. ಜನರೇಟರ್ ಇಟ್ಟುಕೊಳ್ಳೋದೂ ಅವಮಾನ ಏನಲ್ಲ, ಮೋಡದ ದಿನಕ್ಕೆ ಬೇಕೇ ಬೇಕು. ಆದರೆ ಹೊಗೆ ಕಿಟಕಿ ಕಡೆ ಬರಬಾರದು, ಒಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಹೊಸದಾಗಿ ಇಷ್ಟೆಲ್ಲ ಹಾಕಿಸುತ್ತೀರಿ ಅಂದರೆ 12 ಬಿಟ್ಟು 24 ವೋಲ್ಟಿಗೆ ಹೋಗೋದು ಒಳ್ಳೆಯದು. ಕರೆಂಟ್ ಅರ್ಧಕ್ಕಿಳಿಯುತ್ತದೆ, ಅದೇ ಕೇಬಲ್ಲಿನಲ್ಲಿ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಲೈಟಿಗೂ ಪಂಪಿಗೂ 12 ಬೇಕು, ಅದಕ್ಕೊಂದು ಕನ್ವರ್ಟರ್ ಹಾಕಿದರಾಯಿತು. ಯಾವ ವೋಲ್ಟ್ ಆದರೂ ಫ್ಯೂಸ್ ಮಾತ್ರ ಬ್ಯಾಟರಿ ಪಕ್ಕದಲ್ಲೇ ಇರಲಿ, ಕ್ಲಾಸ್ ಟಿ ಫ್ಯೂಸೇ ಹಾಕಿಸಿ. ಲಿಥಿಯಂ ಶಾರ್ಟ್ ಆದರೆ ಹರಿಯುವುದು ಸಾವಿರಾರು ಆಂಪಿಯರ್, ಸಾಧಾರಣ ಫ್ಯೂಸ್ ಅದನ್ನು ತಡೆಯಲ್ಲ.

ಇನ್ನೊಂದು, ಇದನ್ನು ಯಾರೂ ಹೇಳಲ್ಲ. ಇನ್ವರ್ಟರ್‌ನಿಂದ ಇಡೀ ಟ್ರೈಲರಿಗೆ ಕರೆಂಟ್ ಕೊಟ್ಟರೆ ಟ್ರೈಲರಿನ ಬ್ಯಾಟರಿ ಚಾರ್ಜರ್ ಕೂಡ ಎದ್ದು ಕೂರುತ್ತದೆ. ಬ್ಯಾಟರಿಯಿಂದಲೇ ಬ್ಯಾಟರಿ ಚಾರ್ಜ್ ಮಾಡುತ್ತಾ ಸುಮ್ನೆ ಬಿಸಿಯಾಗುತ್ತದೆ. ಅದರ ಬ್ರೇಕರ್ ಆಫ್ ಮಾಡಿ. ಫ್ರಿಜ್ ಗ್ಯಾಸಿನಲ್ಲೂ ನಡೆಯುವಂಥದ್ದಾದರೆ ಆಟೋ ಮೋಡಿನಲ್ಲಿ ಬಿಡಬೇಡಿ. ಕರೆಂಟ್ ಕಂಡ ಕೂಡಲೇ ಗ್ಯಾಸ್ ಬಿಟ್ಟು 300 ವ್ಯಾಟ್ ಎಳೆಯಲು ಶುರು ಮಾಡುತ್ತದೆ. ಬಿಸಿನೀರಿನ ಕಾಯಿಲ್ ಸ್ವಿಚ್ಚೂ ನೋಡಿಕೊಳ್ಳಿ, ಅದು ಇನ್ನೊಂದು ಎಸಿಗೆ ಸಮ.

ಏನೂ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಕರೆಂಟ್ ಇರುವ ಜಾಗದಲ್ಲಿ, ಬಿಸಿಲಿನ ಮಧ್ಯಾಹ್ನ, ಎಸಿ ಅರ್ಧ ಗಂಟೆ ಓಡಿದ ಮೇಲೆ ಅದು ಎಷ್ಟು ವ್ಯಾಟ್ ಎಳೆಯುತ್ತದೆ ಅಂತ ಮೀಟರಿನಲ್ಲಿ ಅಳೆಸಿ. ಎಸಿ ಮೇಲಿನ ಲೇಬಲ್ ಫೋಟೋನೂ ಇಲ್ಲಿಗೆ ಹಾಕಿ. ಬ್ಯಾಟರಿಯಿಂದ ಇನ್ವರ್ಟರಿಗೆ ಎಷ್ಟು ದೂರ ಅಂತ ಟೇಪ್ ಹಿಡಿದು ಹೇಳಿ, ಕೇಬಲ್ ಎಷ್ಟು ದಪ್ಪ ಬೇಕು ಅಂತ ಲೆಕ್ಕ ಹಾಕಿ ಕಳಿಸುತ್ತೇನೆ.