ಅರೇಬಿಕಾ ಕಾಫಿ ಕಿತ್ತು ರೋಬಸ್ಟಾ ಕಾಫಿ ಹಾಕಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಮೂಡಿಗೆರೆ ಕಡೆ): ನಮ್ಮ ತೋಟ ಸುಮಾರು 950 ಮೀಟರ್ ಎತ್ತರದಲ್ಲಿದೆ. ಸೆಕೆ ಜಾಸ್ತಿಯಾದ ಹಾಗೆ ಕಾಂಡ ಕೊರೆಯುವ ದುಂಬಿ, ಬಿಳಿ ಕಾಂಡಕೊರಕದ (ಬೋರರ್) ಕಾಟಕ್ಕೆ ಅರೇಬಿಕಾ ಉಳಿಯುತ್ತಿಲ್ಲ. ಅಕ್ಕಪಕ್ಕದವರೆಲ್ಲ ರೋಬಸ್ಟಾ ಹಾಕಿದರು. ನಾವೂ ಹಾಕೋದಾ?

ಉತ್ತರ (ಸೋಮವಾರಪೇಟೆ): ಅಣ್ಣಾ, ಮೊದಲು ಕೆರೆಯಲ್ಲಿ ನೀರು ನೋಡಿ, ಆಮೇಲೆ ಸಸಿಗೆ ಹೇಳಿ. ರೋಬಸ್ಟಾಕ್ಕೆ ಈ ಬೋರರ್ ಕಾಟ ಇಲ್ಲ, ಸೆಕೆಯನ್ನೂ ತಡೆಯುತ್ತದೆ, ನಿಜ. ಅದು ಆಫ್ರಿಕಾದ ತಗ್ಗಿನ ಬಿಸಿ ಕಾಡಿನದು. ಅರೇಬಿಕಾ ಇಥಿಯೋಪಿಯಾದ ತಂಪು ಬೆಟ್ಟದ್ದು. ಸೆಕೆ ಏರಿದಾಗ ಕಾಡಿನ ಗಿಡವಾದರೆ ಹಕ್ಕಿ ಬೀಜ ಒಯ್ದು, ತಲೆಮಾರು ಕಳೆದ ಹಾಗೆ ಮೇಲಕ್ಕೆ ಹತ್ತುತ್ತದೆ. ತೋಟದ ಗಿಡವನ್ನು ನಾವೇ ಹತ್ತಿಸಬೇಕು. ಮೇಲೆ ಜಾಗ ಇಲ್ಲದವರು ಗಿಡವನ್ನೇ ಬದಲಿಸುತ್ತಾರೆ. ಆದರೆ ರೋಬಸ್ಟಾಕ್ಕೆ ಫೆಬ್ರವರಿ-ಮಾರ್ಚಿನ ಹೂಮಳೆ (ಹೂ ಅರಳಿಸುವ ಮಳೆ) ತಪ್ಪಿದರೆ ಸ್ಪ್ರಿಂಕ್ಲರ್ ಹೊಡೆಯಲೇಬೇಕು, ಎರಡು-ಮೂರು ವಾರದೊಳಗೆ ಬ್ಯಾಕಿಂಗ್ ನೀರೂ (ಹೂವಾದ ಮೇಲಿನ ಎರಡನೇ ನೀರು) ಬೇಕು. ಇನ್ನೊಂದು ಪೇಚು ಇದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಹೂ ಅರಳಿದ ದಿನವೇ ಮಳೆ ಹೊಡೆದರೆ ಕಾಯಿ ಕಚ್ಚುವುದು ಕಮ್ಮಿ. ಈಗಿನ ಮಳೆಗೆ ಹೊತ್ತು ಗೊತ್ತು ಇಲ್ಲ ಅಲ್ವಾ?

ಉತ್ತರ (ಬಾಬಾಬುಡನ್‌ಗಿರಿ ತಪ್ಪಲು): ನೀರಿನ ಮಾತು ಸರಿ. ನೆರಳು ಎಷ್ಟಿದೆ ಅಂತ ಯಾರೂ ಕೇಳಲೇ ಇಲ್ಲವಲ್ಲ! ಕಾಡುಮರ ತೆಗೆದು ಬರೀ ಸಿಲ್ವರ್ ಓಕ್ ಮರ ನೆಟ್ಟ ತೋಟಗಳಲ್ಲೇ ನಾನು ಬೋರರ್ ಜಾಸ್ತಿ ನೋಡಿರುವುದು. ಹೆಣ್ಣು ದುಂಬಿ ಬಿಸಿಲು ಬೀಳುವ ಕಾಂಡ ಹುಡುಕಿ, ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ನಾವು ಅತ್ತಿ, ಬಸರಿ, ಗೋಣಿ ಉಳಿಸಿಕೊಂಡಿದ್ದೇವೆ, ಅದರ ಕೆಳಗೆ ಹಾಲವಾಣ. ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡುವಾಗ ಕೈ ಬಿಗಿ ಹಿಡಿಯುತ್ತೇವೆ. ಬೋರರ್ ಪೂರ್ತಿ ಹೋಗಿಲ್ಲ, ಕೀಳುವ ಗಿಡ ಮಾತ್ರ ಕಮ್ಮಿಯಾಗಿದೆ. ದುಂಬಿ ಹಾರುವುದು ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಮುಂಚೆಯೇ, ಕಾಂಡದ ಮೇಲೆ ಉಬ್ಬಿದ ಗೆರೆ ಕಂಡ ಗಿಡಗಳನ್ನು ಕಿತ್ತು ಸುಡಿ. ಸುಮ್ನೆ ಬೇಲಿ ಬದಿಗೆ ರಾಶಿ ಹಾಕಿದರೆ ಅಲ್ಲಿಂದಲೇ ಎದ್ದು ಬರುತ್ತದೆ.

ಉತ್ತರ (ಸಕಲೇಶಪುರ): ಚಂದ್ರಗಿರಿ ಅನ್ನೋ ಅರೇಬಿಕಾ ತಳಿ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 2007ರಲ್ಲಿ ಬಿಟ್ಟದ್ದು. ಎಲೆ ತುಕ್ಕು ರೋಗವನ್ನು ಚೆನ್ನಾಗಿ ತಡೆಯುತ್ತದೆ, ಬೋರರ್ ಅನ್ನು ಅಲ್ಲ.

ಉತ್ತರ (ಸೋಮವಾರಪೇಟೆ): ನೆರಳಿನ ಮಾತಿಗೆ ನನ್ನದೂ ಓಟು. ಅಣ್ಣಾ, ಎಲ್ಲಾ ಒಂದೇ ಸಲ ಕೀಳಬೇಡಿ. ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರು ಮಧ್ಯಾಹ್ನದ ಮೇಲೆ ಕಾದ ಹಂಚಾಗುತ್ತದೆ. ಅಷ್ಟಕ್ಕೆ ಮಾತ್ರ ರೋಬಸ್ಟಾ ಹಾಕಿ. ಅದು ಫಸಲಿಗೆ ಬರುವವರೆಗೆ ಉಳಿದ ಅರೇಬಿಕಾ ಮನೆ ಖರ್ಚು ನೋಡಿಕೊಳ್ಳುತ್ತದೆ.