ಸ್ಪಿತಿ ಸುತ್ತು: ಕಿನ್ನೌರ್ ಕಡೆಯಿಂದ ಹೋಗೋದಾ, ಮನಾಲಿ ಕಡೆಯಿಂದಾ?

ತುಂಗಾತೀರದವ

ಎಲ್ಲರಿಗೂ ನಮಸ್ಕಾರ. ಈ ಸೆಪ್ಟೆಂಬರ್‌ನಲ್ಲಿ ನಾನು, ನನ್ನ ತಮ್ಮ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೊರಟಿದ್ದೇವೆ. ನನ್ನದು ಹಿಮಾಲಯನ್ 411, ಅವನದು ಎಕ್ಸ್‌ಪಲ್ಸ್ 200. ಬೈಕ್‌ಗಳನ್ನು ಯಶವಂತಪುರದಿಂದ ಚಂಡೀಗಢಕ್ಕೆ ರೈಲಿಗೆ ಹಾಕಿ, ಅಲ್ಲಿಂದ ಓಡಿಸೋದು ಅಂತ ಪ್ಲಾನ್. ಕೈಯಲ್ಲಿ ಎರಡು ವಾರ ರಜೆ ಇದೆ.

ಇಬ್ಬರಿಗೂ ಘಟ್ಟದ ರಸ್ತೆ ಹೊಸದಲ್ಲ. ಆಗುಂಬೆ, ಹುಲಿಕಲ್, ಚಾರ್ಮಾಡಿ ಎಲ್ಲ ಮಳೆಗಾಲದಲ್ಲೇ ಓಡಿಸಿದ್ದೇವೆ. ಆದರೆ ಡಾಂಬರೇ ಇಲ್ಲದ ಕಡೆ ದಿನವಿಡೀ ಓಡಿಸಿ ಅಭ್ಯಾಸ ಇಲ್ಲ, ಅಷ್ಟು ಎತ್ತರಕ್ಕಂತೂ ಹೋಗೇ ಇಲ್ಲ. ಶಿಮ್ಲಾ–ಕಿನ್ನೌರ್ ಕಡೆಯಿಂದ ಹತ್ತಿ ಮನಾಲಿಗೆ ಇಳಿಯಬೇಕು ಅಂತ ಕೆಲವರು, ಮನಾಲಿಯಿಂದ ಹೋದರೆ ದಾರಿ ಹತ್ತಿರ ಅಂತ ಇನ್ನು ಕೆಲವರು ಹೇಳುತ್ತಾರೆ. ಚಂದ್ರತಾಲ್ ಕೆರೆ ಅಂತೂ ನೋಡಲೇಬೇಕು. ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ. ಬೈಕಿಗೆ ಏನೇನು ಮಾಡಿಸಬೇಕು ಅನ್ನೋದೂ ತಿಳಿಸಿದರೆ ಉಪಕಾರ.

ಮಣ್ಣುದಾರಿ

ಕಿನ್ನೌರ್ ಕಡೆಯಿಂದ ಹೋಗಿ. ಇದರಲ್ಲಿ ಎರಡನೇ ಯೋಚನೆ ಬೇಡ.

ಮನಾಲಿ ಇರೋದು ಸುಮಾರು 2,050 ಮೀಟರ್ ಎತ್ತರದಲ್ಲಿ. ಅಲ್ಲಿಂದ ಬೆಳಿಗ್ಗೆ ಹೊರಟವರು ಸಂಜೆಗೆ ಚಂದ್ರತಾಲ್ ಕ್ಯಾಂಪ್‌ನಲ್ಲಿರುತ್ತಾರೆ, ಅದು 4,200 ಮೀಟರ್ ಮೇಲೆ. ಒಂದೇ ಹಗಲಿನಲ್ಲಿ ಎರಡರಷ್ಟು ಎತ್ತರ. ಬೈಕ್ ಹತ್ತುತ್ತದೆ, ದೇಹ ಒಪ್ಪಬೇಕಲ್ವಾ? ಕಿನ್ನೌರ್ ದಾರಿ ಉದ್ದ, ನಿಜ. ಆದರೆ ಸಟ್ಲೆಜ್ ನದಿಯ ಜೊತೆಗೇ ನಿಧಾನವಾಗಿ ಏರುತ್ತಾ ಹೋಗುತ್ತದೆ. ಮೊದಲ ರಾತ್ರಿ ನಾರ್ಕಂಡಾ ಅಥವಾ ಸರಾಹನ್, ಆಮೇಲೆ ಕಲ್ಪಾ. ಕಲ್ಪಾದಲ್ಲಿ ಸಾಧ್ಯವಾದರೆ ಎರಡು ರಾತ್ರಿ ಇರಿ, ಎದುರಿಗೇ ಕಿನ್ನರ ಕೈಲಾಸ ಕಾಣುತ್ತದೆ, ಆ ಹೊತ್ತಿನಲ್ಲಿ ದೇಹವೂ ಹೊಂದಿಕೊಳ್ಳುತ್ತದೆ. ಮುಂದೆ ಖಾಬ್ ಹತ್ತಿರ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುತ್ತದೆ. ಅಲ್ಲಿಂದ ದಾರಿ ಬಂಡೆಯನ್ನು ಕಡಿದು ಮಾಡಿದ್ದು, ತಲೆ ಮೇಲೆ ಕಲ್ಲು ಚಾಚಿಕೊಂಡಿರುತ್ತದೆ. ಆಮೇಲೆ ಹೇರ್‌ಪಿನ್ ತಿರುವುಗಳು, ಹತ್ತಿದರೆ ನಾಕೋ.

ಸಾಮಾನ್ಯವಾಗಿ ಎಲ್ಲರೂ ನಾಕೋದಲ್ಲೇ ಉಳಿಯುತ್ತಾರೆ. ನನ್ನ ಮಾತು ಕೇಳಿ, ಅಲ್ಲಿ ಊಟ ಮಾಡಿ, ಕೆರೆ ಸುತ್ತಾಡಿ, ಮುಂದೆ ತಾಬೋಗೆ ಹೋಗಿ ಮಲಗಿ. ನಾಕೋ 3,660 ಮೀಟರ್, ತಾಬೋ 3,280. ಎತ್ತರಕ್ಕೆ ಹೋಗಿ ಕೆಳಗೆ ಬಂದು ಮಲಗಿದ ಹಾಗಾಗುತ್ತದೆ. ಕ್ರಿ.ಶ. 996ರಲ್ಲಿ ಕಟ್ಟಿದ ಮಠ ಇದೆ ಅಲ್ಲಿ, ಮಣ್ಣಿನ ಗೋಡೆಯದು, ಹೊರಗಿನಿಂದ ಏನೂ ಅನ್ನಿಸಲ್ಲ, ಒಳಗೆ ಕಾಲಿಟ್ಟರೆ ಗೋಡೆ ತುಂಬ ಚಿತ್ರ. ಬೈಕ್ ಟ್ರಿಪ್ ಅಂತ ಓಡಿಸುವ ಭರದಲ್ಲಿ ಅದನ್ನು ಬಿಟ್ಟು ಮುಂದೆ ಹೋಗೋರನ್ನು ಕಂಡರೆ ನನಗೆ ತುಂಬಾ ಬೇಸರ ಆಗುತ್ತದೆ.

ಸ್ಪಿತಿಯ ಮುಖ್ಯ ಊರು ಕಾಜಾದಲ್ಲಿ ಮೂರು ರಾತ್ರಿ ಇಟ್ಟುಕೊಳ್ಳಿ. ಕೀ ಮಠ, ಚಿಚಮ್ ಸೇತುವೆ ಒಂದು ದಿನ, ಲಾಂಗ್ಜಾ, ಹಿಕ್ಕಿಮ್, ಕೋಮಿಕ್ ಇನ್ನೊಂದು ದಿನ. ಲಗೇಜ್ ರೂಮಿನಲ್ಲೇ ಬಿಟ್ಟು ಖಾಲಿ ಬೈಕ್‌ನಲ್ಲಿ ಹತ್ತಿ. ಮುಂದೆ ಮನಾಲಿಗೆ ಹೋಗುವಾಗ ದಾಟಬೇಕಾದ ಕುಂಜುಮ್ ಘಟ್ಟದ ಕಡೆಯ ಒರಟು ದಾರಿಗೆ ಅದೇ ಒಳ್ಳೆ ಅಭ್ಯಾಸ.

ಬೈಕ್ ವೈದ್ಯ

ಮೇಲಿನವರು ಹೇಳಿದ್ದು ಸರಿ. ವೈದ್ಯನಾಗಿ ಸ್ವಲ್ಪ ಸೇರಿಸುತ್ತೇನೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನೋದು ಸಾಮಾನ್ಯ ನಿಯಮ. ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಅನ್ನೋದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನೋದು ಮುಖ್ಯ. ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಬರದಿರುವುದು ಶುರುವಾದರೆ ಅಲ್ಲೇ ನಿಲ್ಲಿ, ಮುಂದೆ ಏರಬೇಡಿ. ವಾಂತಿ ನಿಲ್ಲದಿದ್ದರೆ, ಸುಮ್ನೆ ಕೂತಿದ್ದಾಗಲೂ ಉಸಿರು ಕಟ್ಟಿದರೆ, ನಡೆಯುವಾಗ ತೂರಾಡಿದರೆ ರಾತ್ರಿ ಆಗಿದ್ದರೂ ಕೆಳಗೆ ಇಳಿಯಲೇಬೇಕು. ಇಂಥ ಹೊತ್ತಿನಲ್ಲಿ ತಮ್ಮ ತಾನೇ ಬೈಕ್ ಓಡಿಸಿಕೊಂಡು ಇಳಿಯುತ್ತೇನೆ ಅಂದರೆ ಬಿಡಬೇಡಿ. ಗಾಡಿ ಮಾಡಿ ಕರೆದುಕೊಂಡು ಹೋಗಿ. ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ.

ಎತ್ತರದ ತೊಂದರೆ ಬರದಿರಲಿ ಅಂತ ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆಲಸ ಮಾಡುತ್ತದೆ, ಆದರೆ ಸಲ್ಫಾ ಅಲರ್ಜಿ ಇರುವವರಿಗೆ ತೊಂದರೆ ಆಗಬಹುದು. ನಿಮ್ಮ ವೈದ್ಯರನ್ನು ಊರಲ್ಲೇ ಕೇಳಿ ತೆಗೆದುಕೊಳ್ಳಿ, ಮಾತ್ರೆ ಇದೆ ಅಂತ ಅವಸರದಲ್ಲಿ ಹತ್ತಬೇಡಿ. ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ. ಚಳಿಗೆ ಬಾಯಾರಿಕೆ ಗೊತ್ತಾಗಲ್ಲ, ಅದಕ್ಕೇ ನೆನಪಿಟ್ಟುಕೊಂಡು ನೀರು ಕುಡಿಯುತ್ತಿರಿ.

ಹುಬ್ಬಳ್ಳಿ ಗ್ಯಾರೇಜ್

ನಮಸ್ಕಾರ ರೀ. ಎರಡೂ ಬೈಕ್ ಈ ದಾರಿಗೆ ಹೇಳಿ ಮಾಡಿಸಿದಂಥವು, ಎರಡಕ್ಕೂ ಮುಂದೆ 21 ಇಂಚಿನ ಚಕ್ರ, ಕೆಳಗೆ 220 ಮಿ.ಮೀ. ಜಾಗ. ಹೆಚ್ಚಿನ ಸಾಮಾನಿಗೆ ದುಡ್ಡು ಸುರಿಯಬೇಡಿ.

ಎರಡರಲ್ಲೂ ಟ್ಯೂಬ್ ಟೈರ್. ಹಾಗಾಗಿ ಪಂಕ್ಚರ್ ಹಾಕೋದನ್ನು ನೀವೇ ಕಲಿಯಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಮನೆ ಅಂಗಳದಲ್ಲಿ ಹಿಂದಿನ ಚಕ್ರ ಬಿಚ್ಚಿ, ಲಿವರ್ ಹಾಕಿ ಟೈರ್ ಎಬ್ಬಿಸಿ, ಟ್ಯೂಬ್ ತೆಗೆದು, ತಿರುಗಿ ಹಾಕಿ ನೋಡಿ. ಟೈರನ್ನು ವಾಪಸ್ ಕೂರಿಸುವಾಗ ಲಿವರ್ ತುದಿ ಟ್ಯೂಬ್ ಕಚ್ಚಿ ಹೊಸ ತೂತು ಮಾಡುತ್ತದೆ, ಹೊಸಬರಿಗೆಲ್ಲ ಆಗೋದು ಅದೇ. ಸ್ವಲ್ಪ ಗಾಳಿ ತುಂಬಿದ ಟ್ಯೂಬ್ ಒಳಗಿಟ್ಟು, ಸೋಪು ನೀರು ಸವರಿ, ಎದುರಿನ ಅಂಚನ್ನು ಮೊಣಕಾಲಲ್ಲಿ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ ಹಿಡಿದರೆ ಕೊನೆಯ ಗೇಣುದ್ದ ಭಾಗ ಸಲೀಸಾಗಿ ಒಳಗೆ ಹೋಗುತ್ತದೆ. ಹೆಚ್ಚುವರಿ ಟ್ಯೂಬ್ 21 ಇಂಚಿನದು ತಗೊಂಡರೆ ಸಾಕು. ಮುಂದಕ್ಕೆ ಸರಿಯಾಗಿ ಕೂರುತ್ತದೆ, ಹಿಂದಿನ 17, 18ಕ್ಕೂ ಆಪತ್ತಿಗೆ ಹಾಕಿಕೊಂಡು ಮುಂದಿನ ಊರು ಸೇರಬಹುದು.

ಹೊಸ ಕ್ಲಚ್ ಕೇಬಲ್ ಅನ್ನು ಬ್ಯಾಗಿನಲ್ಲಿ ಒಯ್ಯಬೇಡಿ. ಹಳೆಯದರ ಪಕ್ಕದಲ್ಲೇ ಹಾಯಿಸಿ, ಎರಡೂ ತುದಿಗೆ ಟೇಪ್ ಸುತ್ತಿ ಬಿಡಿ. ಕಟ್ಟಾದರೆ ಟ್ಯಾಂಕ್ ಬಿಚ್ಚುವ ಗೋಜಿಲ್ಲ, ಹತ್ತು ನಿಮಿಷದ ಕೆಲಸ. ಕ್ಲಚ್ ಲಿವರ್, ಬ್ರೇಕ್ ಲಿವರ್ ಒಂದೊಂದು, ಫ್ಯೂಸು, ಜಿಪ್ ಟೈ, ಎಂ-ಸೀಲ್, ಗಾಳಿ ಹಾಕುವ ಸಣ್ಣ ಪಂಪು. ಹೊರಡುವ ಮುಂಚೆ ಸ್ಪೋಕ್ ಬಿಗಿ ಮಾಡಿಸಿ, ಏರ್ ಫಿಲ್ಟರ್ ಹೊಸದು ಹಾಕಿಸಿ.

ಎತ್ತರದಲ್ಲಿ ಬೈಕ್ ಎಳೆಯಲ್ಲ ಅಂದರೆ ಗಾಬರಿ ಬೇಡ. ಕುಂಜುಮ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 40ರಷ್ಟು ಕಡಿಮೆ, ಎಂಜಿನ್‌ಗೂ ಉಸಿರು ಸಾಲಲ್ಲ. ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಬೈಕ್ ಪೆಟ್ರೋಲ್ ಅಳತೆಯನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಶಕ್ತಿ ಮಾತ್ರ ಇಳಿದೇ ಇಳಿಯುತ್ತದೆ. ಮೊದಲ ಗೇರಿಗೆ ಹಾಕಿ ಹತ್ತಿ. ಎರಡನೇ ಗೇರಿನಲ್ಲಿ ಹಾಫ್ ಕ್ಲಚ್ ಹಿಡಿದು ಎಳೆಸಿದರೆ ಕ್ಲಚ್ ಪ್ಲೇಟ್ ಸುಟ್ಟು ವಾಸನೆ ಬರುತ್ತದೆ, ಅಲ್ಲಿಗೆ ಟ್ರಿಪ್ ಮುಗಿದ ಹಾಗೆ.

ತುಂಗಾತೀರದವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ಯೂಬ್ ಬಿಚ್ಚುವ ಕೆಲಸ ಈ ಭಾನುವಾರವೇ ಶುರು ಮಾಡುತ್ತೇವೆ. ಕಿನ್ನೌರ್ ಕಡೆಯಿಂದಲೇ ಹೋಗೋದು ಅಂತ ಗಟ್ಟಿಯಾಯಿತು.

ಈಗ ಉಳಿದಿರೋದು ಕುಂಜುಮ್ ದಾಟಿದ ಮೇಲಿನ ದಾರಿ. ಅಲ್ಲಿ ನೀರು ದಾಟೋದು ತುಂಬಾ ಕಷ್ಟ ಅಂತ ಕೇಳಿ ತಮ್ಮನಿಗೆ ಸ್ವಲ್ಪ ಭಯ ಶುರುವಾಗಿದೆ. ಪೆಟ್ರೋಲ್‌ಗೆ ಕ್ಯಾನ್ ಒಯ್ಯಬೇಕಾ?

ಮಣ್ಣುದಾರಿ

ಪೆಟ್ರೋಲ್ ಮೊದಲು ಹೇಳಿಬಿಡುತ್ತೇನೆ. ರೆಕಾಂಗ್ ಪಿಯೋ ಕಡೆ ತುಂಬಿಸಿ, ಅಲ್ಲಿಂದ ಕಾಜಾ ಸುಮಾರು 200 ಕಿ.ಮೀ. ಕಾಜಾದಲ್ಲಿ ಬಂಕ್ ಇದೆ. ಕಾಜಾದಿಂದ ಮನಾಲಿ ಮತ್ತೆ ಸುಮಾರು 200, ಚಂದ್ರತಾಲ್‌ಗೆ ಹೋಗಿ ಬರೋದು ಸ್ವಲ್ಪ ಸೇರಿಸಿಕೊಳ್ಳಿ. ನಿಮ್ಮ 15 ಲೀಟರ್, ತಮ್ಮನ 13 ಲೀಟರ್ ಟ್ಯಾಂಕ್ ಧಾರಾಳ ಸಾಕು, ಕ್ಯಾನ್ ಬೇಡ. ಆದರೆ ಕಾಜಾಗೆ ಬಂದ ದಿನವೇ ತುಂಬಿಸಿ, ಹಳ್ಳಿಗಳ ಕಡೆ ಸುತ್ತಾಡಿ ಬಂದ ಮೇಲೆ ಮತ್ತೊಮ್ಮೆ ತುಂಬಿಸಿ. ಹೊರಡುವ ಬೆಳಿಗ್ಗೆಗೆ ಇಟ್ಟುಕೊಂಡರೆ ಸಾಲು ಉದ್ದ ಇರಬಹುದು, ಸ್ಟಾಕ್ ಇಲ್ಲದೆಯೂ ಇರಬಹುದು.

ಈಗ ನೀರು. ಲೋಸರ್‌ನಿಂದ ಕುಂಜುಮ್ ಲಾ, 4,551 ಮೀಟರ್, ಅಲ್ಲಿಂದ ಬಾತಲ್‌ಗೆ ಇಳಿತ. ನಿಜವಾದ ದಾರಿ ಶುರುವಾಗೋದು ಬಾತಲ್‌ನಿಂದ. ಅಲ್ಲಿಂದ ಛತ್ರು ಮೇಲೆ ಗ್ರಾಂಫೂ ತನಕ ಸುಮಾರು 50 ಕಿ.ಮೀ. ಇದೆ, ನಾಲ್ಕೈದು ಗಂಟೆ ಬೇಕು ಅಂತ ಇಟ್ಟುಕೊಳ್ಳಿ. ರಸ್ತೆ ಅನ್ನೋದಕ್ಕಿಂತ ಚಂದ್ರಾ ನದಿಯ ಪಕ್ಕದ ಕಲ್ಲಿನ ಹಾಸು ಅದು. ಬಲಗಡೆ ಬೆಟ್ಟದಿಂದ ಹಿಮ ಕರಗಿದ ನೀರು ನಾಲಾಗಳಾಗಿ ರಸ್ತೆ ಮೇಲೇ ಹರಿದು ನದಿಗೆ ಬೀಳುತ್ತದೆ.

ಆ ನೀರಿಗೆ ಗಡಿಯಾರ ಇದೆ. ರಾತ್ರಿ ಮೇಲೆ ಹಿಮ ಕರಗೋದು ನಿಲ್ಲುತ್ತದೆ, ಹಾಗಾಗಿ ಬೆಳಿಗ್ಗೆ ನೀರು ಕಡಿಮೆ, ತಳದ ಕಲ್ಲು ಕಾಣುತ್ತದೆ, ಬೂಟಿನ ಪಾದ ಮುಳುಗುವಷ್ಟು ಇದ್ದರೆ ಹೆಚ್ಚು. ಬಿಸಿಲು ಏರಿದ ಹಾಗೆ ನೀರೂ ಏರುತ್ತದೆ. ಮಧ್ಯಾಹ್ನ ಎರಡು ಮೂರು ಗಂಟೆಗೆ ಅದೇ ನಾಲಾ ಬೂದು ಬಣ್ಣಕ್ಕೆ ತಿರುಗಿ ಮೊಣಕಾಲು ಮುಟ್ಟುತ್ತದೆ, ತಳದಲ್ಲಿ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುವ ಶಬ್ದ ದಡದಲ್ಲೇ ಕೇಳಿಸುತ್ತದೆ. ಆ ಶಬ್ದ ಕೇಳಿದರೆ ಇಳಿಯಬೇಡಿ. ಆದ್ದರಿಂದ ಚಂದ್ರತಾಲ್ ಕ್ಯಾಂಪ್‌ನಲ್ಲಿ ಮಲಗಿ, ಬೆಳಕು ಹರಿಯುತ್ತಲೇ ಹೊರಟು, ಹನ್ನೊಂದು ಗಂಟೆಯೊಳಗೆ ದೊಡ್ಡ ನಾಲಾಗಳನ್ನೆಲ್ಲ ದಾಟಿಬಿಡಿ. ಸೆಪ್ಟೆಂಬರ್ ಆದ್ದರಿಂದ ಚಳಿಗೆ ಕರಗೋದೇ ಕಡಿಮೆ, ಜೂನ್–ಜುಲೈನಷ್ಟು ನೀರು ಇರಲ್ಲ.

ದಾಟುವಾಗ ಮೊದಲು ಬೈಕ್ ನಿಲ್ಲಿಸಿ ನಡೆದು ನೋಡಿ. ಬೂಟು ಒದ್ದೆ ಆದರೆ ಆಗಲಿ. ಜೀಪುಗಳು ಹೋದ ಜಾಡಿನಲ್ಲಿ ಗುಂಡಿ ಬಿದ್ದಿರುತ್ತದೆ, ಕೆಲವು ಸಲ ಅದರ ಸ್ವಲ್ಪ ಮೇಲ್ಗಡೆ ನೀರು ಅಗಲವಾಗಿ ಹರಡಿ ಆಳ ಕಡಿಮೆ ಇರುತ್ತದೆ. ಎಲ್ಲಿ ದಾಟಬೇಕು ಅಂತ ಗೊತ್ತಾದ ಮೇಲೆ ಮೊದಲ ಗೇರು, ಫುಟ್‌ಪೆಗ್ ಮೇಲೆ ಎದ್ದು ನಿಂತು, ಕಣ್ಣು ಆ ಕಡೆ ದಡದ ಮೇಲೆ. ನೀರನ್ನು ನೋಡುತ್ತಿದ್ದರೆ ಬೈಕ್ ಹರಿವಿನ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಆಕ್ಸಿಲರೇಟರ್ ಒಂದೇ ಸಮ ಇರಲಿ, ಮಧ್ಯದಲ್ಲಿ ಬಿಡಬೇಡಿ. ಒಬ್ಬರು ದಾಟುವಾಗ ಇನ್ನೊಬ್ಬರು ನೀರಿನಲ್ಲಿ, ಬೈಕಿನ ಮೇಲ್ಗಡೆ, ಅಂದರೆ ನೀರು ಹರಿದು ಬರುವ ಕಡೆ ನಿಂತಿರಲಿ. ಕೆಳಗಡೆ ಮಾತ್ರ ನಿಲ್ಲಬೇಡಿ, ಬೈಕ್ ಬಿದ್ದರೆ ಮೈಮೇಲೇ ಬರುತ್ತದೆ. ಬಿದ್ದು ಎಂಜಿನ್ ನೀರಲ್ಲಿ ಮುಳುಗಿದರೆ ಸೆಲ್ಫ್ ಒತ್ತಬೇಡಿ. ದಡಕ್ಕೆ ತಳ್ಳಿ, ಪ್ಲಗ್ ಬಿಚ್ಚಿ, ಒಳಗಿನ ನೀರು ಹೊರಗೆ ಹೋದ ಮೇಲೆಯೇ ಸ್ಟಾರ್ಟ್.

ತಮ್ಮನಿಗೆ ಭಯ ಇರೋದು ಒಳ್ಳೆಯದೇ. ಅವನ ಎಕ್ಸ್‌ಪಲ್ಸ್ ನಿಮ್ಮ ಬೈಕ್‌ಗಿಂತ 40 ಕಿಲೋದಷ್ಟು ಹಗುರ, ಅಲ್ಲಿ ಅವನೇ ಆರಾಮಾಗಿ ದಾಟುತ್ತಾನೆ ನೋಡಿ.

ಬಿಳಿಗಿರಿ ರೈಡರ್

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಕಿನ್ನೌರ್ ದಾರಿ ಸುರಕ್ಷಿತ ಅಂತ ಎಲ್ಲರೂ ಹೇಳುತ್ತಿದ್ದೀರಿ, ಆದರೆ ಗುಡ್ಡ ಕುಸಿಯೋದು ಆ ಕಡೆಯೇ ಜಾಸ್ತಿ. 2021ರ ಆಗಸ್ಟ್‌ನಲ್ಲಿ ನಿಗುಲ್‌ಸರಿ ಹತ್ತಿರ ಬಸ್ಸಿನ ಮೇಲೇ ಗುಡ್ಡ ಬಿದ್ದಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಮಳೆ ಇನ್ನೂ ಹೋಗಿರಲ್ಲ. ಮನಾಲಿಯಿಂದ ಹೋಗಿ, ಅಟಲ್ ಸುರಂಗದ ಆಚೆ ಸಿಸ್ಸುನಲ್ಲಿ ಎರಡು ರಾತ್ರಿ ಇದ್ದು ಹತ್ತಿದರೆ ಎತ್ತರದ ತೊಂದರೆಯೂ ಇಲ್ಲ.

ಮಣ್ಣುದಾರಿ

ಮಳೆ ಬಗ್ಗೆ ನೀವು ಹೇಳಿದ್ದು ಒಪ್ಪುವ ಮಾತು. ಅದಕ್ಕೇ ಸೆಪ್ಟೆಂಬರ್ ಮೂರನೇ ವಾರಕ್ಕೆ ಇಟ್ಟುಕೊಳ್ಳಿ ಅಂತ ಇವರಿಗೆ ಹೇಳುತ್ತೇನೆ. ಆದರೆ ಮನಾಲಿ ಕಡೆಯೂ ಹವಾಮಾನ ಕೆಟ್ಟರೆ ಕಷ್ಟವೇ. 2023ರ ಜುಲೈನಲ್ಲಿ ಚಂದ್ರತಾಲ್‌ನಲ್ಲಿ ಹಿಮ ಬಿದ್ದು ಮುನ್ನೂರರ ಹತ್ತಿರ ಜನ ಸಿಕ್ಕಿಹಾಕಿಕೊಂಡಿದ್ದು ನೆನಪಿದೆಯಲ್ಲ. ಸಿಸ್ಸು 3,100 ಮೀಟರ್, ಅಲ್ಲಿ ಎರಡು ರಾತ್ರಿ ಇದ್ದರೂ ಮುಂದಿನ ರಾತ್ರಿ ಚಂದ್ರತಾಲ್ ಆದರೆ ಸಾವಿರ ಮೀಟರ್ ಮೇಲೆ ಒಮ್ಮೆಲೇ ಏರಿದ ಹಾಗೆ. ಒರಟು ದಾರಿ ಅಭ್ಯಾಸ ಇಲ್ಲದವರಿಗೆ ಮೊದಲ ದಿನವೇ ಬಾತಲ್ ದಾರಿ ಸಿಗೋದು ಬೇರೆ. ಇವರಿಬ್ಬರಿಗೆ ನಾನು ಅದನ್ನು ಹೇಳಲಾರೆ.

ತುಂಗಾತೀರದವರೇ, ಎರಡು ದಿನ ಖಾಲಿ ಇಟ್ಟುಕೊಂಡು ಪ್ಲಾನ್ ಮಾಡಿ. ದಾರಿ ಮುಚ್ಚಿದರೆ ಕಾಯಲು ಬೇಕು. ಲೋಸರ್ ದಾಟಿದ ಮೇಲೆ ಫೋನ್ ನಂಬಬೇಡಿ, ಕಾಜಾದಿಂದಲೇ ಮನೆಗೆ ಹೇಳಿಬಿಡಿ. ಚಂದ್ರತಾಲ್ ದಡದಲ್ಲಿ ಟೆಂಟ್ ಹಾಕುವ ಹಾಗಿಲ್ಲ, ಕ್ಯಾಂಪ್‌ಗಳು ಸ್ವಲ್ಪ ದೂರದಲ್ಲಿವೆ. ಬೈಕ್ ಪಾರ್ಕಿಂಗ್‌ನಲ್ಲಿ ಬಿಟ್ಟು ಕೆರೆಗೆ ನಡೆದೇ ಹೋಗಬೇಕು. ದಯವಿಟ್ಟು ಹುಲ್ಲಿನ ಮೇಲೆ ಬೈಕ್ ಹತ್ತಿಸಬೇಡಿ. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಹಿಮ ಇರದ ಜಾಗ, ಅಲ್ಲಿ ಹುಲ್ಲು ಒಮ್ಮೆ ಕಿತ್ತರೆ ಮತ್ತೆ ಬೇಗ ಬೆಳೆಯಲ್ಲ.

ಹುಬ್ಬಳ್ಳಿ ಗ್ಯಾರೇಜ್

ಅಭ್ಯಾಸದ ಬಗ್ಗೆ ಒಂದು ಮಾತು. ಕಾಡೊಳಗಿನ ದಾರಿಗೆ ಹೋಗಬೇಡಿ, ಕೇಸ್ ಆಗುತ್ತದೆ, ಪ್ರಾಣಿಗಳಿಗೂ ತೊಂದರೆ. ಹೊಲದ ದಾರಿ, ಒಣಗಿದ ಕೆರೆ ಅಂಗಳ ಸಾಕು. ಎದ್ದು ನಿಂತು ನಿಧಾನಕ್ಕೆ ಓಡಿಸೋದು, ಜಲ್ಲಿ ಮೇಲೆ ಹಿಂದಿನ ಬ್ರೇಕ್ ಹಿಡಿದು ಜಾರಿಸಿ ನಿಲ್ಲಿಸೋದು, ಲಗೇಜ್ ಸಮೇತ ಬಿದ್ದ ಬೈಕ್ ಒಬ್ಬರೇ ಎತ್ತೋದು, ಈ ಮೂರು ಬಂದರೆ ಆಯಿತು. ಗುರುಗಳ ಹತ್ತಿರವೇ ಕಲಿಯಬೇಕು ಅಂದರೆ ಕೋಲಾರದ ಕಡೆ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ, 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಸಿ.ಎಸ್. ಸಂತೋಷ್ ಕಟ್ಟಿದ್ದು.

ರೈಲಿಗೆ ಹಾಕುವಾಗ ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ. ನೀವೂ ಅದೇ ರೈಲಿನಲ್ಲಿ ಹೋಗುವುದಾದರೆ ಟಿಕೆಟ್ ತೋರಿಸಿ ಲಗೇಜ್ ಅಂತ ಬುಕ್ ಮಾಡಿ, ಪಾರ್ಸೆಲ್ ಅಂತ ಮಾಡಿದರೆ ಬೈಕ್ ಯಾವ ರೈಲಿಗೆ ಹೋಗುತ್ತದೋ ಹೇಳೋಕಾಗಲ್ಲ. ಕನ್ನಡಿ, ಹ್ಯಾಂಡ್‌ಗಾರ್ಡ್ ಬಿಚ್ಚಿ ಬ್ಯಾಗಿಗೆ ಹಾಕಿ. ಹೆಡ್‌ಲೈಟ್, ಟ್ಯಾಂಕ್, ಸೈಲೆನ್ಸರ್‌ಗೆ ಗೋಣಿ ಜಾಸ್ತಿ ಸುತ್ತಿಸಿ, ಎದುರಿಗೇ ನಿಂತು ಸುತ್ತಿಸಿ.

ತುಂಗಾತೀರದವ

ಸೆಪ್ಟೆಂಬರ್ 18ಕ್ಕೆ ಚಂಡೀಗಢ ಬಿಡೋದು ಅಂತ ಮಾಡಿದ್ದೇವೆ, ತಮ್ಮ ರಜೆ ಬದಲಾಯಿಸಿಕೊಂಡ. ಲಗೇಜ್ ಬುಕಿಂಗ್ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್ ಅಣ್ಣ. ನಾಲಾಗಳು ಈಗ ಹೇಗಿವೆ ಅಂತ ಇತ್ತೀಚೆಗೆ ಆ ದಾರಿಯಲ್ಲಿ ಬಂದವರು ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ.